ದರ್ಜಿಯ ಹೊಟ್ಟೆಗೆ ಬಿದ್ದ ಹೊಲಿಗೆ

— ಏಳಲ್ಲ ಅಂದ್ರೆ ಏಳಲ್ಲ. ನನ್ನ ಹೊಟ್ಟೆ, ನನ್ನ ಹಾಸಿಗೆ!

— ಡಾಕ್ಟರು ನಡೀಬೇಕು ಅಂದಿದ್ದಾರೆ ರೀ! ಹೀಗೇ ಬಿದ್ಕೊಂಡಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತಂತೆ. ಮತ್ತೆ ಆಸ್ಪತ್ರೆ ಸೇರ್ಬೇಕಾ?

— ನಡೆದ್ರೆ ಬಿಚ್ಚಿಹೋಗುತ್ತೆ ಕಣೇ. ಪಟ್ಟಿ ಬದಲಾಯಿಸುವಾಗ ಕಣ್ಣಾರೆ ನೋಡಿದೀನಿ. ಒಂದೊಂದು ಹೊಲಿಗೆಗೂ ಬೆರಳಗಲ ಅಂತರ! ಅದು ಬರೀ ಕಚ್ಚಾ ಹೊಲಿಗೆ. ಅಳತೆ ನೋಡೋಕೆ ಹಾಕಿ, ಪಕ್ಕಾ ಹೊಲಿಯೋದನ್ನ ಮರೆತು ಮನೆಗೆ ಕಳಿಸಿದ್ದಾರೆ.

ಹರ್ನಿಯಾ ಆಪರೇಷನ್ ಮುಗಿಸಿ ಮನೆಗೆ ಬಂದಾಗಿನಿಂದ ದರ್ಜಿಯದು ಇದೇ ರಗಳೆ. ಕೆಮ್ಮು ಬಂದರೆ ದಿಂಬು ಅವುಚಿಕೊಳ್ಳುತ್ತಿದ್ದ, ನಗು ಬಂದರೆ ಹೆಂಡತಿಯನ್ನು ಬೈಯುತ್ತಿದ್ದ. ಊರವರ ಪ್ಯಾಂಟುಗಳಿಗೆಲ್ಲ ಗ್ಯಾರಂಟಿ ಕೊಡುತ್ತಿದ್ದವನಿಗೆ ತನ್ನ ಹೊಟ್ಟೆಯ ವಿಷಯದಲ್ಲಿ ಮಾತ್ರ ಎದೆ ಡವಡವ.

— ಕುಣಿಯಲಾರದವಳಿಗೆ ನೆಲ ಡೊಂಕು, ನಡೀಲಾರದವರಿಗೆ ಹೊಲಿಗೆ ಡೊಂಕು!

— ಡೊಂಕೇ ಮತ್ತೆ! ನನ್ನ ಅಂಗಡೀಲಿ ಯಾರಾದ್ರೂ ದಿಂಬಿನ ಚೀಲ ಹೀಗೆ ಹೊಲಿದಿದ್ರೆ, ಸಂಜೆಯೊಳಗೆ ಮನೆಗೆ ಕಳಿಸ್ತಿದ್ದೆ.

— ಅವರೂ ನಿಮ್ಮನ್ನ ಮನೆಗೇ ಕಳಿಸಿದ್ದಾರಲ್ಲ!

— ನಗಿಸ್ಬೇಡ್ವೇ! ದಾರ ಕಿತ್ತುಹೋಗುತ್ತೆ!

— ಮತ್ತೆ ಬ್ಯಾಂಡ್ ಮಾಸ್ಟರ್ ಕೋಟು? ದಿನಾ ಬಂದು ಬಾಗಿಲು ಬಡೀತಾರೆ.

— ಕಾಯ್ಲಿ. ಮೈ ಹೊಲಿದಾಗಿದೆ, ತೋಳು ಕೂರಿಸೋದೊಂದೇ ಬಾಕಿ.

— ಅಷ್ಟೇನಾ? ಸರಿ ಬಿಡಿ, ಮಲಗಿ.

ಹೆಂಡತಿ ಇಷ್ಟು ಸುಲಭಕ್ಕೆ ಸೋತಿದ್ದು ಹೇಗೆಂದು ದರ್ಜಿ ಯೋಚಿಸುತ್ತಿದ್ದಂತೆಯೇ ಮುಂದಿನ ಕೋಣೆಯಿಂದ ಕಟಕಟಕಟ ಸದ್ದು ಬಂತು.

— ಏಯ್! ಯಾರದು ನನ್ನ ಮಿಷಿನ್ ಮೇಲೆ?

— ನಾನೇ. ಎಡಗಡೆ ತೋಳು ಆಯ್ತು. ಯಾಕೋ ಬಲಗಡೇದು ಉದ್ದ ಕಾಣುತ್ತೆ, ಒಂಚೂರು ಕತ್ತರಿಸ್ತೀನಿ.

— ಮುಟ್ಬೇಡ! ಕತ್ತರಿ ಕೆಳಗಿಡೇ!

ಆಮೇಲೆ ದರ್ಜಿಗೆ ಹೊಟ್ಟೆಯೂ ನೆನಪಿಲ್ಲ, ಹೊಲಿಗೆಯೂ ನೆನಪಿಲ್ಲ. ಹಾಸಿಗೆ ಬಿಟ್ಟು, ಗೋಡೆ ಹಿಡಿದು, ನಡುಮನೆ ದಾಟಿ ಬಾಗಿಲಲ್ಲಿ ನಿಂತ. ಮಿಷಿನ್ನಿನಲ್ಲಿ ಬಟ್ಟೆಯಿರಲಿಲ್ಲ, ಸೂಜಿಯಲ್ಲಿ ದಾರವೂ ಇರಲಿಲ್ಲ. ತೋಳಿಲ್ಲದ ಕೋಟು ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಹೆಂಡತಿ ಬರೀ ಪೆಡಲ್ ತುಳಿಯುತ್ತಾ ಕೂತಿದ್ದಳು. ಅವನನ್ನು ಕಂಡು ಕಿಸಕ್ಕನೆ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಮತ್ತೆ ಆಸ್ಪತ್ರೆ ಸೇರುತ್ತಾನೇನೋ ಎಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

— ನಡೆದು ಬಂದ್ರಲ್ಲ! ಬಿಚ್ಚಿತಾ? ನೋಡ್ಕೊಳ್ಳಿ.

ದರ್ಜಿ ಅಂಗಿ ಎತ್ತಿ ಪಟ್ಟಿಯ ಮೇಲೆ ಮೆಲ್ಲಗೆ ಕೈಯಾಡಿಸಿದ. ಎಲ್ಲ ಇದ್ದಲ್ಲೇ ಇತ್ತು. ಅಂಗಿ ಇಳಿಸಿಕೊಂಡ.

— ಪರವಾಗಿಲ್ಲ, ಡಾಕ್ಟರ ಕೈ ಗಟ್ಟಿ ಇದೆ. ತೋರಿಸೋಕೆ ಹೋದಾಗ ಕೇಳು, ಬಿಡುವಿದ್ರೆ ನಮ್ಮ ಅಂಗಡಿಗೆ ಬರ್ಲಿ. ಸದ್ಯಕ್ಕೆ ಕಾಜಾ-ಗುಂಡಿ ಕೆಲಸ ಕೊಡೋಣ. ಕೋಟಿನ ತೋಳು ಕೊಡೋದು ಆಮೇಲೆ ನೋಡೋಣ.