ಮುನ್ನೂರ ಮೂವತ್ತೊಂದೋ, ಮುನ್ನೂರ ನಲವತ್ತೇಳೋ?

ವಿಮಾನದ ಎಂಜಿನ್ ನೋಡುವವನಿಗೆ ಲೋಕದ ಎಲ್ಲ ಎಂಜಿನ್ನೂ ಗೊತ್ತಿರುತ್ತೆ ಅಂತ ಜನ ನಂಬಿರುವ ತನಕ ನನ್ನ ಭಾನುವಾರಗಳು ನನ್ನವಲ್ಲ. ಸಿಂಗಾಪುರದ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ನನ್ನ ಕೆಲಸ ಟರ್ಬೈನ್ ಬ್ಲೇಡುಗಳಲ್ಲಿ ಬಿರುಕು ಬಿಟ್ಟಿದೆಯಾ ಅಂತ ಹುಡುಕೋದು, ಅಷ್ಟೇ. ಆದರೂ ಬುಕಿತ್ ಬಾಟೋಕ್‌ನ ನಮ್ಮ ಫ್ಲ್ಯಾಟ್ ಬ್ಲಾಕಿನಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ಫೋನ್ ನನಗೇ. ಮಿಕ್ಸಿ ಹೇಗೋ ಸುಧಾರಿಸಬಹುದು. ಪಕ್ಕದ ಮನೆಯವರ ಕಾರು ಮಾತ್ರ ನನ್ನ ಬಿಪಿ ಏರಿಸಿಬಿಟ್ಟಿತು.

1. ತಜ್ಞ

ಪಕ್ಕದ ಮನೆಯವರು ಮೈಸೂರಿನವರು. ಬ್ಯಾಂಕೊಂದರ ರಿಸ್ಕ್ ಡಿಪಾರ್ಟ್‌ಮೆಂಟಿನಲ್ಲಿ ದೊಡ್ಡ ಹುದ್ದೆ. ಛತ್ರಿ ಇಲ್ಲದೆ, ಬ್ಲಾಕಿನ ಕೆಳಗೆ ಸೂರಿರುವ ವಾಯ್ಡ್ ಡೆಕ್ಕಿಗೂ ಇಳಿಯದ ಮನುಷ್ಯ. ಅಂಥವರು ತಮಗಿಂತ ವಯಸ್ಸಾದ ಒಂದು ಅಮೆರಿಕನ್ ಮಸಲ್ ಕಾರು ಕೊಂಡರು. ಎಂಟು ಸಿಲಿಂಡರಿನದು. ಒಂದು ಸಂಜೆ ಅದು ಎಕ್ಸ್‌ಪ್ರೆಸ್‌ವೇ ಸುರಂಗದೊಳಗೆ ನಿಂತುಹೋಯಿತು. ಅವರ ಹೆಂಡತಿ ರೇಷ್ಮೆ ಸೀರೆಯಲ್ಲಿ, ಟೋ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂತು ಮದುವೆ ರಿಸೆಪ್ಷನ್ನಿಗೆ ಹೋದರು. ವಾಪಸ್ ಬಂದು ಹೇಳಿದ್ದು ಒಂದೇ ಮಾತು: "ಇನ್ನೊಂದು ಸಲ ನಾನು ಕೂತಿರುವಾಗ ನಿಂತ್ರೆ, ಕಾರು ಈ ಮನೇಲಿರಲ್ಲ."

ಎಂಜಿನ್ ಬಿಚ್ಚಿಸಿದರು. ಪಿಸ್ಟನ್‌ಗಳನ್ನು ಮೇಲೆಕೆಳಗೆ ಆಡಿಸುವ ಕ್ರ್ಯಾಂಕ್ ಬಿರುಕು ಬಿಟ್ಟಿತ್ತು. ನನ್ನನ್ನು ವರ್ಕ್‌ಶಾಪಿಗೆ ಎಳೆದುಕೊಂಡು ಹೋದರು. ಅಲ್ಲಿಯ ಮೆಕ್ಯಾನಿಕ್ ಒಬ್ಬ ಚೀನೀ ಅಂಕಲ್. ನಲವತ್ತು ವರ್ಷದಿಂದ ಕೈಗೆ ಗ್ರೀಸ್ ಮೆತ್ತಿಕೊಂಡವರು. ಎಂಜಿನ್ನಿನ ಹೊರಗಿನ ಬ್ಲಾಕ್ ಅದೇ ಇಟ್ಟುಕೊಂಡು, ಪಿಸ್ಟನ್ ಇನ್ನೂ ಕೆಳಗಿಳಿದು ಮೇಲೇರುವಂಥ ಕ್ರ್ಯಾಂಕ್ ಹಾಕಿದರೆ ಎಂಜಿನ್ ದೊಡ್ಡದಾಗುತ್ತದಂತೆ. ಅದಕ್ಕೆ ಸ್ಟ್ರೋಕರ್ ಅನ್ನುತ್ತಾರಂತೆ. ಅಂಕಲ್ ರಟ್ಟಿನ ಮೇಲೆ ಮೂರು ಸಂಖ್ಯೆ ಗೀಚಿದರು: 302, 331, 347. ಮೊದಲನೆಯದು ಈಗಿರುವ ಗಾತ್ರ, ಉಳಿದೆರಡು ಸ್ಟ್ರೋಕರ್. ಎಲ್ಲ ಕ್ಯೂಬಿಕ್ ಇಂಚಿನ ಲೆಕ್ಕ.

"ಸೇಮ್ ಆಲ್ಸೋ ಕ್ಯಾನ್, ಬಿಗ್ಗರ್ ಆಲ್ಸೋ ಕ್ಯಾನ್. ಯು ಡಿಸೈಡ್ ಲಾ," ಅಂದರು ತಮ್ಮ ಸಿಂಗಾಪುರ ಇಂಗ್ಲಿಷಿನಲ್ಲಿ.

ಪಕ್ಕದ ಮನೆಯವರು ನನ್ನ ಮುಖ ನೋಡಿದರು. "ಸಾರ್, ನೀವು ಹೇಳಿದ್ದೇ ಫೈನಲ್."

ನಿಜ ಹೇಳಿಬಿಟ್ಟೆ: "ಅಂಕಲ್, ನಾನು ವಿಮಾನದವನು. ಕಾಲೇಜು ಬಿಟ್ಟ ಮೇಲೆ ಪಿಸ್ಟನ್ ಮುಟ್ಟಿದ್ದು ಇವತ್ತೇ."

ಅಂಕಲ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು, "ಯುವರ್ ಏರೋಪ್ಲೇನ್ ಎವರ್ ಫಾಲ್ ಡೌನ್?"

"ಇಲ್ಲ."

"ದೆನ್ ಓಕೆ, ಲಾ."

2. ಬ್ಲಾಕ್ ನಂಬರ್

ಮಂಗಳವಾರ ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆ ಮೇಡಂ ನಮ್ಮ ಬಾಗಿಲು ತಟ್ಟಿದರು. ಮುಖ ಬಿಗಿದಿತ್ತು. "ಒಂದು ನಿಮಿಷ ಬನ್ನಿ" ಅಂದವರು ಕಾಫಿ ಬೇಕಾ ಅಂತಲೂ ಕೇಳಲಿಲ್ಲ.

ಒಳಗೆ ಗಂಡ ಡೈನಿಂಗ್ ಟೇಬಲ್ಲಿನ ಮುಂದೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಕೂತಿದ್ದರು. ಟೇಬಲ್ ಮೇಲೆ ಅವರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ, ಅವರದೇ ಅಕ್ಷರದ ಚೀಟಿ. ಮೇಡಂ ಓದಿದರು:

"302, ವಯಸ್ಸಾಯ್ತು, ಆದ್ರೆ ನಂಬಿಕಸ್ಥೆ. 331, ತುಂಬಾ ಸ್ಮೂತ್, ದಿನಾ ಆದ್ರೂ ಬೇಜಾರಾಗಲ್ಲ. 347, ಸಖತ್ ಹಾಟ್. ಮೇಂಟೇನ್ ಮಾಡೋದು ಕಷ್ಟ, ಆದ್ರೂ ಮನಸ್ಸು ಅಲ್ಲೇ." ಚೀಟಿ ಇಳಿಸಿ ನನ್ನನ್ನೇ ದಿಟ್ಟಿಸಿದರು. "ನೀವಾದ್ರೂ ನಿಜ ಹೇಳಿ. ಬ್ಲಾಕ್ 347ರಲ್ಲಿ ಯಾರಿದ್ದಾಳೆ?"

ಬುಕಿತ್ ಬಾಟೋಕ್‌ನ ಫ್ಲ್ಯಾಟ್ ಬ್ಲಾಕುಗಳಿಗೆಲ್ಲ ಮೂರಂಕಿಯ ನಂಬರೇ. ಗಂಡ "ಎಂಜಿನ್ ಕಣೇ" ಅಂತ ಆಗಲೇ ನಾಲ್ಕು ಸಲ ಹೇಳಿದ್ದರಂತೆ, ಆಕೆ ನಂಬಲು ಸಿದ್ಧರಿಲ್ಲ. "ಎಂಜಿನ್ ಬಗ್ಗೆ ಹೀಗೆ ಯಾರು ರೀ ಬರೀತಾರೆ?"

ಕೊನೆಗೆ ನಾನು ಫೋನಿನಲ್ಲಿದ್ದ ರಟ್ಟಿನ ಫೋಟೋ ತೋರಿಸಿದೆ. ಪಕ್ಕದಲ್ಲಿ ಅಂಕಲ್, ಹಿಂದೆ ಎಂಜಿನ್. ಮೇಡಂ ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿ, ತುಂಬಾ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು ಕುರ್ಚಿಯಲ್ಲಿ ಕೂತರು.

"ಹೆಂಗಸಾಗಿದ್ರೆ ಚೆನ್ನಾಗಿತ್ತು," ಅಂದರು. "ಒಂದು ದಿನ ಜಗಳ ಆಡಿ ಬಿಡಿಸ್ಬಹುದಿತ್ತು."

3. ಹೀಟರ್

ಗಂಡನ ಮನಸ್ಸು ಆಮೇಲೂ 347ರ ಮೇಲೇ. ಅಂಕಲ್‌ನ ಸ್ವಂತ ಹಳೇ ಕಾರಿನಲ್ಲಿ ಅದೇ ಗಾತ್ರದ ಎಂಜಿನ್ ಇತ್ತು. "ಸಿಟ್ ಫಸ್ಟ್, ದೆನ್ ಟಾಕ್," ಅಂತ ಭಾನುವಾರ ಮಧ್ಯಾಹ್ನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇಗೆ ಹತ್ತಿಸಿದರು. ಆ ಕಾರಿಗೆ ಎಸಿ ಇಲ್ಲ. ಮೊದಲ ಐದು ನಿಮಿಷ ಬೆನ್ನು ಸೀಟಿಗೆ ಅಂಟಿಕೊಳ್ಳುವ ವೇಗ. ಪಕ್ಕದ ಮನೆಯವರು ಮಗುವಿನ ಹಾಗೆ ನಗುತ್ತಿದ್ದರು.

ಆರನೇ ನಿಮಿಷಕ್ಕೆ ಮುಂದೆಲ್ಲೋ ಲಾರಿ ಅಡ್ಡ ನಿಂತು ಮೂರು ಸಾಲೂ ಸ್ತಬ್ಧ. ಡ್ಯಾಶ್‌ಬೋರ್ಡಿನಲ್ಲಿ ಶಾಖದ ಮುಳ್ಳು ಮೇಲೇರತೊಡಗಿತು. ಮುಳ್ಳು ಮುಕ್ಕಾಲು ದಾಟಿತು. ಹಿಂದೆ ಡಬಲ್ ಡೆಕ್ಕರ್ ಬಸ್ಸು, ಎಡಕ್ಕೆ ಕಂಟೇನರ್ ಲಾರಿ. ಪಕ್ಕಕ್ಕೆ ಸರಿಯಲು ಅಂಗೈಯಗಲ ಜಾಗವಿಲ್ಲ; ಇಷ್ಟು ಬಿಸಿಯಲ್ಲಿ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವ ಖಾತ್ರಿಯಿಲ್ಲ. ಎಂಜಿನ್ ಬೆಂದುಹೋದರೆ ಅಂಕಲ್‌ನ ವರ್ಷಗಟ್ಟಲೆಯ ಕೆಲಸ ಅಲ್ಲೇ ಸಮಾಪ್ತಿ.

"ಆನ್ ದ ಹೀಟರ್," ಅಂದರು ಅಂಕಲ್.

"ಏನು?" ಅಂದೆ ನಾನು.

"ಹೀಟರ್! ಫುಲ್!"

ಎಂಜಿನ್ನಿನ ಶಾಖವನ್ನು ಕಾರಿನೊಳಕ್ಕೆ ಎಳೆದುಕೊಂಡರೆ ಎಂಜಿನ್ ಬದುಕುತ್ತದೆ. ಲೆಕ್ಕ ಸರಿಯೇ. ಆದರೆ ಸಿಂಗಾಪುರದ ಮಟಮಟ ಮಧ್ಯಾಹ್ನದಲ್ಲಿ ಹೀಟರ್! ಬಿಸಿಗಾಳಿ ಮುಖಕ್ಕೆ ರಾಚಿತು. ಬೆವರಿಗೆ ನನ್ನ ಕನ್ನಡಕ ಮಂಜಾಯಿತು. ಪಕ್ಕದ ಮನೆಯವರು ಕಣ್ಣು ಮುಚ್ಚಿ ಏನೋ ಮಂತ್ರ ಗೊಣಗುತ್ತಿದ್ದರು. ಬಸ್ಸಿನ ಮೇಲಂತಸ್ತಿನವರೆಲ್ಲ ಕಿಟಕಿಗೆ ಮುಖ ಒತ್ತಿ, ಕಾರಿನೊಳಗೆ ಬೇಯುತ್ತಿದ್ದ ಮೂವರನ್ನು ನೋಡುತ್ತಿದ್ದರು. ಇಪ್ಪತ್ತು ನಿಮಿಷ ಮುಳ್ಳು ಕೆಂಪು ಗೆರೆಯ ಕೂದಲೆಳೆ ಕೆಳಗೆ ನಡುಗುತ್ತ ನಿಂತಿತ್ತು. ಆಮೇಲೆ ಸಾಲು ಕದಲಿತು, ಮುಳ್ಳು ಇಳಿಯಿತು.

ಮೊದಲ ಪೆಟ್ರೋಲ್ ಬಂಕಿನಲ್ಲಿ ಬಾಗಿಲು ತೆಗೆದು, ಉರಿಬಿಸಿಲಿಗೆ ಕಾಲಿಟ್ಟ ಪಕ್ಕದ ಮನೆಯವರು ಎದೆತುಂಬ ಉಸಿರೆಳೆದುಕೊಂಡು ಹೇಳಿದರು: "ಆಹಾ! ಸಿಂಗಾಪುರದಲ್ಲಿ ಎಂಥಾ ಚಳಿ ಸಾರ್!"

4. ಒಂದು ಪ್ರಶ್ನೆ

ಇಲ್ಲಿ ಎಂಜಿನ್ನಿನ ಗಾತ್ರ ಬದಲಾಯಿಸಲು ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಫಾರ್ಮಿನಲ್ಲಿ ಒಮ್ಮೆ ಸಂಖ್ಯೆ ಬರೆದರೆ ಮುಗಿಯಿತು. ಪಕ್ಕದ ಮನೆಯವರು ಮೂರು ವಾರ ಪೆನ್ನು ಹಿಡಿದು ಕೂತರು. ರಿಸ್ಕ್ ಲೋ, ಮೀಡಿಯಂ, ಹೈ ಅಂತ ಎಕ್ಸೆಲ್ ಶೀಟ್ ಬೇರೆ. ಸಂಖ್ಯೆ ಮಾತ್ರ ಬೀಳಲಿಲ್ಲ. ಕೊನೆಗೆ ಮೇಡಂ ತಾವೇ ವರ್ಕ್‌ಶಾಪಿಗೆ ಬಂದರು.

"ಅಂಕಲ್, ರಸ್ತೆ ಮಧ್ಯೆ ನಿಲ್ಲದೇ ಇರೋದು ಯಾವುದು?"

"ತ್ರೀ ತ್ರೀ ಒನ್," ಅಂದರು ಅಂಕಲ್, ಸ್ಪ್ಯಾನರಿನಿಂದ ತಲೆಯೆತ್ತದೆ. ಪವರೂ ಸಾಕಷ್ಟು, ಬಿಸಿಯೂ ಹತೋಟಿಯಲ್ಲಿ.

ಗಂಡನಿಗೆ ರೇಗಿತು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂಕಲ್?"

"ಯು ನೆವರ್ ಆಸ್ಕ್. ಯು ಓನ್ಲಿ ಶೋ ಎಕ್ಸೆಲ್."

5. ಹಳದಿ ಚೂರು

ಒಪ್ಪಿಗೆ ಬಂತು, ಸಾಮಾನೂ ಬಂತು. ಎಂಜಿನ್ ಜೋಡಿಸುವ ದಿನಗಳಲ್ಲಿ ನನ್ನ ಕಾಟ ಸ್ವಲ್ಪ ಜಾಸ್ತಿಯೇ ಆಯಿತು. ನಮ್ಮ ಹ್ಯಾಂಗರಿನಲ್ಲಿ ಪೆನ್ನಿನ ಕ್ಯಾಪು ಕಳೆದರೂ ಕೆಲಸ ನಿಲ್ಲಿಸಿ ಹುಡುಕುತ್ತೇವೆ. ಅದೇ ಶಿಸ್ತು ಇಲ್ಲೂ ತಂದೆ. ಅಂಕಲ್‌ನ ವಾಚು ಬಿಚ್ಚಿಸಿದೆ. ಪಕ್ಕದ ಮನೆಯವರ ಉಂಗುರ ತೆಗೆಸಿದೆ. "ಹೊರಗಿನ ಒಂದು ಕಣ ಒಳಗೆ ಬಿದ್ರೂ ಕಥೆ ಮುಗೀತು" ಅಂತ ದಿನಾ ಉಪದೇಶ.

ಸಿಲಿಂಡರಿಗೆ ಮುಚ್ಚಳದಂತಿರುವ ಹೆಡ್ಡುಗಳು ಕೂತವು. ಅವುಗಳಲ್ಲಿ ಗಾಳಿ ಒಳಹೋಗುವ ತೂತುಗಳಿಗೆ ಬಟ್ಟೆ ಹೊದಿಸಿದ್ದೆವು. ಮೇಡಂ ತಟ್ಟೆ ಹಿಡಿದು ಬಂದರು. "ಮೊದಲ ಸಲ ತಿರುಗಿಸ್ತಿದ್ದೀರಿ, ಒಂದು ಚಿಕ್ಕ ಪೂಜೆ." ಬಟ್ಟೆ ಸರಿಸಿ ಕುಂಕುಮ ಇಟ್ಟರು, ಆರತಿ ಎತ್ತಿದರು, ಎಲ್ಲರ ಕೈಗೂ ಅಕ್ಷತೆ ಕೊಟ್ಟರು. ನಾನು ಕೈಮುಗಿದು ಬಾಯಿಗೆ ಬಂದ ಶ್ಲೋಕ ಹೇಳಿದೆ.

ಅಂಕಲ್ ಉದ್ದನೆಯ ರಾಡು ಹಾಕಿ ಕ್ರ್ಯಾಂಕನ್ನು ನಿಧಾನಕ್ಕೆ ತಿರುಗಿಸಿದರು. ಅರ್ಧ ಸುತ್ತು. ಮುಕ್ಕಾಲು. ಟಕ್.

ನಿಂತುಹೋಯಿತು. ಹಿಂದಕ್ಕೆ ತಂದು ಮತ್ತೆ ತಿರುಗಿಸಿದರು. ಟಕ್.

ಅಂಕಲ್ ಮುಖದ ಬಣ್ಣ ಇಳಿಯಿತು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮೆರಾ ವೈರು ಇಳಿಸಿದರು. ಫೋನಿನ ಪರದೆಯಲ್ಲಿ, ಪಿಸ್ಟನ್ನಿನ ನೆತ್ತಿಯ ಮೇಲೆ, ಒಂದು ಹಳದಿ ಚೂರು.

"ಬ್ರಾಸ್," ಅಂದರು ಮೆಲ್ಲಗೆ. ಹಿತ್ತಾಳೆ. ಅಂದರೆ ಒಳಗಿನ ಯಾವುದೋ ಭಾಗ ಮುರಿದಿದೆ. ಪಕ್ಕದ ಮನೆಯವರು ಟಯರಿನ ರಾಶಿಯ ಮೇಲೆ ಕುಸಿದು ಕೂತರು. ನಾನು ಸುಮ್ಮನಿರಲಿಲ್ಲ. "ಅದಕ್ಕೇ ಬಡ್ಕೊಂಡೆ, ಯಾರೋ ಅಜಾಗ್ರತೆ ಮಾಡಿದ್ದಾರೆ" ಅಂತ ಕೂಗಾಡಿದೆ. ಅಂಕಲ್ ಹೆಡ್ಡು ಬಿಚ್ಚತೊಡಗಿದರು. ಒಂದು ಗಂಟೆ ಹಿಡಿಯಿತು. ಚಿಮಟದಿಂದ ಚೂರನ್ನೆತ್ತಿ ಬಿಳಿ ಬಟ್ಟೆಯ ಮೇಲಿಟ್ಟರು.

ಮೇಡಂ ಬಗ್ಗಿ ನೋಡಿದರು. "ಅಯ್ಯೋ, ಇದು ನಮ್ಮ ಅಕ್ಷತೆ ಕಣ್ರೀ! ಆದ್ರೆ ನಾನು ನನ್ನದನ್ನ ತಟ್ಟೆಗೇ ಹಾಕ್ದೆ. ಎಂಜಿನ್ ಒಳಕ್ಕೆ ಹಾಕಿದ್ಯಾರು?"

ಆಗ ಪಕ್ಕದ ಮನೆಯವರಿಗೆ ತಾವು ಪೂಜೆಯ ವಿಡಿಯೋ ಮಾಡಿದ್ದು ನೆನಪಾಯಿತು. ನಾಲ್ವರೂ ಫೋನಿನ ಮೇಲೆ ಬಗ್ಗಿದೆವು. ವಿಡಿಯೋದಲ್ಲಿ ಒಬ್ಬ ಮಹಾಶಯ, ಕಣ್ಣು ಗಟ್ಟಿಯಾಗಿ ಮುಚ್ಚಿ ಶ್ಲೋಕ ಹೇಳುತ್ತ, ಗಟ್ಟಿಮೇಳಕ್ಕೆ ಮದುಮಕ್ಕಳ ಮೇಲೆ ಎಸೆಯುವ ಹಾಗೆ, ಮುಷ್ಟಿ ತುಂಬಿದ ಅಕ್ಷತೆಯನ್ನು ಎಂಜಿನ್ನಿನ ತೆರೆದ ತೂತುಗಳ ಮೇಲೆ ಎರಚುತ್ತಿದ್ದ. ಆ ಮಹಾಶಯ ನಾನೇ.

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂಕಲ್ ಅಕ್ಕಿಕಾಳನ್ನು ಬೆಳಕಿಗೆ ಹಿಡಿದು, ರಟ್ಟು ತೆಗೆದು, 331ರ ಪಕ್ಕದಲ್ಲಿ ಬರೆದುಕೊಂಡರು: "ಮೈನಸ್ ಒನ್ ರೈಸ್."

ಎಂಟೂ ಸಿಲಿಂಡರ್ ಶೋಧಿಸಿದಾಗ ಇನ್ನೂ ಹನ್ನೊಂದು ಕಾಳು ಸಿಕ್ಕವು. ಎಂಜಿನ್ನಿಗೆ ಗೀರೂ ಬಿದ್ದಿರಲಿಲ್ಲ. ಮುಂದಿನ ಶನಿವಾರ ಸ್ಟಾರ್ಟ್ ಮಾಡಿದಾಗ ಪಕ್ಕದ ವರ್ಕ್‌ಶಾಪಿನ ತಗಡೆಲ್ಲ ನಡುಗಿತು. ಪಕ್ಕದ ಮನೆಯವರ ಕಣ್ಣಲ್ಲಿ ನೀರು. ಮೇಡಂ ಕೂಡ ನಕ್ಕುಬಿಟ್ಟರು. ಆ ಸಂತೋಷದಲ್ಲೇ ಮತ್ತೆ ತಟ್ಟೆ ಎತ್ತಿಕೊಂಡು ಹತ್ತಿರ ಬಂದರು.

ಅಂಕಲ್ ಒಂದೇ ನೆಗೆತಕ್ಕೆ ಬಂದು ಎರಡೂ ಕೈ ಚಾಚಿ ಎಂಜಿನ್ನಿಗೆ ಅಡ್ಡ ನಿಂತರು. "ಆಂಟಿ! ಟಯರ್, ಕ್ಯಾನ್. ಎಂಜಿನ್, ಕೆನಾಟ್!" ಆಮೇಲೆ ನನ್ನ ಕಡೆ ತಿರುಗಿ, ಗೇಟಿನತ್ತ ಬೆರಳು ತೋರಿಸಿದರು: "ಯು, ಸ್ಟ್ಯಾಂಡ್ ಔಟ್‌ಸೈಡ್."