ರೇಖಾ ಮೇಡಂ ಪಾಠವೂ ನನ್ನ ಎರಡು ನಿಮಿಷದ ವಿಡಿಯೊವೂ

ವಿಡಿಯೊ ತೆಗೆಯುವುದು ಏನು ಮಹಾ ವಿದ್ಯೆ? ಮೊಬೈಲು ಹಿಡಿಯಬೇಕು, ಕೆಂಪು ಗುಂಡಿ ಒತ್ತಬೇಕು, ಮುಗಿದ ಮೇಲೆ ಇನ್ನೊಂದು ಸಲ ಒತ್ತಬೇಕು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಒಂದು ಗುಂಡಿಯನ್ನು ಎರಡು ಸಲ ಒತ್ತಲು ಬಾರದೇ? ಹೀಗೆಂದು ನಾನು ಘೋಷಿಸಿದ್ದು ನಮ್ಮ ಶಾಲೆಯ ಆಫೀಸು ಕೋಣೆಯಲ್ಲಿ, ಎದೆಯುಬ್ಬಿಸಿಕೊಂಡು. ಆ ಗಳಿಗೆಯಲ್ಲಿ ಯಾರಾದರೂ ಪುಣ್ಯಾತ್ಮರು ನನ್ನ ಬಾಯಿಗೊಂದು ರಸಬಾಳೆ ತುರುಕಿದ್ದರೆ ಮುಂದಿನ ಅನಾಹುತವೆಲ್ಲ ತಪ್ಪುತ್ತಿತ್ತು.

ನಾನು ನಂಜುಂಡಯ್ಯ. ಮನೆ ನಂಜನಗೂಡಿನಲ್ಲಿ. ನರಸೀಪುರ ತಾಲ್ಲೂಕಿನ ಸೋಸಲೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಇಪ್ಪತ್ತೆರಡು ವರ್ಷದಿಂದ ದಿನಾ ಎರಡು ಬಸ್ಸು ಬದಲಾಯಿಸಿ ಹೋಗುತ್ತೇನೆ. ಈಗ ಅಲ್ಲಿ ಹೆಡ್ ಮಾಸ್ಟರು. ಸಮಾಜ ವಿಜ್ಞಾನ ನನ್ನ ವಿಷಯವಾಗಿತ್ತು. ಮೂರು ವರ್ಷದ ಕೆಳಗೆ ಬನ್ನೂರಿನ ರೇಖಾ ಮೇಡಂ ಬಂದ ಮೇಲೆ ಅದನ್ನು ಅವರಿಗೆ ಬಿಟ್ಟುಕೊಟ್ಟು ನಾನು ಕಡತಗಳ ಪಾಲಾದೆ.

ರೇಖಾ ಮೇಡಂ ಅಂದರೆ ಬೆಂಕಿ ಚೆಂಡು. ಬನ್ನೂರಿನಲ್ಲಿ ಫೋಟೊ ಸ್ಟುಡಿಯೋ ಇಟ್ಟಿರುವ ತಮ್ಮನ ಹಳೇ ಪ್ರೊಜೆಕ್ಟರನ್ನು ತಂದು, ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಯ ಮೇಲೆ ಜಗತ್ತನ್ನೇ ತೋರಿಸಿದರು. ಹೃದಯ ಬಡಿದುಕೊಳ್ಳುವುದನ್ನು ನೋಡಿ ಮಕ್ಕಳು ತಮ್ಮ ಎದೆ ಮುಟ್ಟಿಕೊಂಡರು. ಮೂರು ದಿನಕ್ಕೊಮ್ಮೆ ಶಾಲೆ ತಪ್ಪಿಸುತ್ತಿದ್ದವರು ಜ್ವರ ಬಂದರೂ ಹಾಜರ್! ಆದರೆ ಈಗ ಮದುವೆ ಕಾಲ. ಮದುವೆಮನೆಗಳಲ್ಲಿ ಫೋಟೊ ತೋರಿಸಲು ಅವರ ತಮ್ಮ ಪ್ರೊಜೆಕ್ಟರನ್ನು ವಾಪಸ್ ಕೇಳುತ್ತಿದ್ದ. ಅದು ಹೋದರೆ ಮಕ್ಕಳ ಪಾಲಿಗೆ ಆ ಗೋಡೆ ಮತ್ತೆ ಬರೀ ಗೋಡೆ.

ಅಷ್ಟರಲ್ಲಿ ಮೈಸೂರಿನ ಒಂದು ಟ್ರಸ್ಟಿನಿಂದ ಸುತ್ತೋಲೆ ಬಂತು. ತಂತ್ರಜ್ಞಾನ ಬಳಸಿ ಪಾಠ ಮಾಡುವ ಶಿಕ್ಷಕರಿಗೆ ಸನ್ಮಾನ, ಅವರ ಶಾಲೆಗೆ ಹೊಸ ಪ್ರೊಜೆಕ್ಟರು ಮತ್ತು ಲ್ಯಾಪ್‌ಟಾಪು. ಹೆಡ್ ಮಾಸ್ಟರು ಹೆಸರು ಸೂಚಿಸಿ, ನಿಜವಾದ ಪಾಠದ ಎರಡು ನಿಮಿಷದ ವಿಡಿಯೊ ಕಳಿಸಬೇಕು.

"ನನ್ ತಮ್ಮನ್ನೇ ಕರಿಸ್ತೀನಿ ಸರ್, ನೀಟಾಗಿ ತೆಗೆದುಕೊಡ್ತಾನೆ" ಅಂದರು ರೇಖಾ ಮೇಡಂ.

"ಛೆ ಛೆ! ನಮ್ ಶಾಲೆ ವಿಡಿಯೊ ತೆಗೆಯೋಕೆ ಹೊರಗಿನವ್ರು ಯಾಕಮ್ಮಾ? ನಾನಿಲ್ವಾ?" ಅಂದೆ. ಆ ಘೋಷಣೆ ಹೊರಬಿದ್ದದ್ದು ಇಲ್ಲೇ.

ಮನೆಯಲ್ಲಿ ಹೆಂಡತಿ ಪದ್ಮ ಕೇಳಿದವಳೇ ಸೌಟು ಹಿಡಿದು ಹೊರಗೆ ಬಂದಳು. "ನೀವಾ? ಮೊಮ್ಮಗುವಿನ ನಾಮಕರಣದಲ್ಲಿ ನಿಮ್ ಹೆಬ್ಬೆಟ್ಟನ್ನ ಅರ್ಧ ಗಂಟೆ ವಿಡಿಯೊ ತೆಗೆದಿದ್ರಲ್ಲ! ಪಾಪ ಆ ಹುಡುಗಿ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಿ? ಸುಮ್ನಿರ್ರೀ."

"ಈ ಸಲ ಮೊಬೈಲನ್ನ ಕೈಲೇ ಹಿಡಿಯಲ್ಲ ಕಣೇ. ಬೆಂಚಿನ ಮೇಲೆ ಒರಗಿಸಿ ಇಡ್ತೀನಿ. ಹೆಬ್ಬೆಟ್ಟಿನ ಪ್ರಶ್ನೆಯೇ ಬರಲ್ಲ!"

ನನ್ನ ದೂರದೃಷ್ಟಿಗೆ ನಾನೇ ತಲೆದೂಗಿದೆ. ದೂರದೃಷ್ಟಿಯ ವಿಷಯ ಬಂದದ್ದರಿಂದ ಹೇಳುತ್ತೇನೆ, ನನ್ನ ಬಳಿ ಎರಡು ಕನ್ನಡಕಗಳಿವೆ, ಒಂದು ದೂರಕ್ಕೆ, ಒಂದು ಓದಲಿಕ್ಕೆ. ವಿಡಿಯೊ ತೆಗೆಯುವ ದಿನ ಗೋಡೆ ಸರಿಯಾಗಿ ಕಾಣಲೆಂದು ದೂರದ್ದನ್ನು ಹಾಕಿಕೊಂಡು, ಓದುವುದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಬಸ್ಸಿಳಿಯುವ ಮುಂಚೆ ಮೀಸೆ ತಿದ್ದಿಕೊಳ್ಳಲು ಮೊಬೈಲನ್ನೇ ಕನ್ನಡಿ ಮಾಡಿಕೊಳ್ಳುವುದು ನನ್ನ ಅಭ್ಯಾಸ. ತಿದ್ದಿಕೊಂಡು ಹಾಗೇ ಜೇಬಿಗೆ ಹಾಕಿದೆ.

ತರಗತಿ ಕತ್ತಲಾಗಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು, ಮೊಬೈಲನ್ನು ಮುಂದಿನ ಬೆಂಚಿನ ಮೇಲೆ ಟಿಫನ್ ಬಾಕ್ಸಿಗೆ ಒರಗಿಸಿ ನಿಲ್ಲಿಸಿ ಕೆಂಪು ಗುಂಡಿ ಒತ್ತಿದೆ. ಹತ್ತಿರದ್ದೆಲ್ಲ ಮಸುಕು ಮಸುಕು. ಮೊಬೈಲಿನ ಪರದೆಯ ನಡುವೆ ಯಾರೋ ಬೋಳುತಲೆಯ ಹುಡುಗ ಅಲುಗಾಡುತ್ತಿರುವಂತೆ ಕಂಡಿತು. ಮುಡಿ ಕೊಟ್ಟು ಬಂದ ಹುಡುಗನಿರಬೇಕು ಅಂದುಕೊಂಡೆ.

"ನೆಟ್ಟಗೆ ಕೂತ್ಕೊಳೋ" ಎಂದು ಪಿಸುಗುಟ್ಟಿ, ನಾನೂ ನೆಟ್ಟಗಾದೆ. ಹುಡುಗನೂ ತಕ್ಷಣ ನೆಟ್ಟಗಾದ. ಎಂಥ ವಿಧೇಯ ವಿದ್ಯಾರ್ಥಿ!

ರೇಖಾ ಮೇಡಂ ಗೋಡೆಯ ಮೇಲೆ ಉಪಗ್ರಹದಿಂದ ತೆಗೆದ ನಮ್ಮ ತಾಲ್ಲೂಕಿನ ಚಿತ್ರ ತೋರಿಸಿದರು. ಹಸಿರು ಗದ್ದೆಗಳು, ಸೋಸಲೆ, ನಮ್ಮ ಶಾಲೆಯ ಹೆಂಚು ಕೂಡ! ಮಕ್ಕಳು ಹೋ ಎಂದರು. "ನೋಡಿ, ಕಾವೇರಿ ಉತ್ತರದಿಂದ ಬಂದ್ಳು. ಈಗ ಕಪಿಲೆ, ಅಂದ್ರೆ ನಮ್ ಕಬಿನಿ ಜೊತೆ ಹೋಗೋಣ" ಎನ್ನುತ್ತಾ ನಂಜನಗೂಡಿನಿಂದ ಹೊರಟು, ನದಿಯ ಜೊತೆಜೊತೆಗೇ ಚಿತ್ರವನ್ನು ಸರಿಸಿದರು. ಕಪಿಲೆ ಬಳುಕುತ್ತಾ ಬಂದು ನರಸೀಪುರದ ಸಂಗಮ ಸೇರಿದಳು. ಪಶ್ಚಿಮದಿಂದ!

ನನ್ನ ಹುಬ್ಬು ಗಂಟಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹತ್ತೊಂಬತ್ತು ವರ್ಷ, ನಾನು ಕರಿಹಲಗೆಯ ಮೇಲೆ ಕಪಿಲೆಯನ್ನು ಪೂರ್ವದಿಂದ ಕರೆತಂದಿದ್ದೆ. ಕಾರಣ ಸರಳ. ನಾನು ಬಸ್ಸಿಳಿದು ಒಳಗೆ ಬರುವ ಬಾಗಿಲು ಹಲಗೆಯ ಬಲಕ್ಕೆ, ಅಂದರೆ ನಕ್ಷೆಯ ಪೂರ್ವಕ್ಕಿದೆ. ನಾನು ಬರುವುದು ನಂಜನಗೂಡಿನಿಂದ. ಕಪಿಲೆ ಬರುವುದೂ ನಂಜನಗೂಡಿನಿಂದ. ಆದ್ದರಿಂದ ಇಬ್ಬರೂ ಬಾಗಿಲ ಕಡೆಯಿಂದಲೇ ಬರಬೇಕಲ್ಲ! ಹುಟ್ಟಿದಾಗಿನಿಂದ ಅವಳ ನೀರು ಕುಡಿದವನು ಅವಳ ಮನೆ ವಿಳಾಸವನ್ನೇ ತಪ್ಪು ಹೇಳಿದ್ದೆ. ಬಾಯಿ ತೆರೆದು ಗೋಡೆ ನೋಡುತ್ತಾ ಕುಳಿತೆ. ಆಮೇಲೆ ಕೈಬೆರಳಿನಿಂದ ಬೆಂಚಿನ ಮೇಲೆ ಎರಡೂ ನದಿಗಳನ್ನು ಬರೆದು ನೋಡಿಕೊಂಡೆ. ಈಗ ಸರಿಹೋಯಿತು. ಯಾರೂ ನೋಡಲಿಲ್ಲವಲ್ಲ, ಸದ್ಯ!

ಅಂದೇ ಕೊನೆಯ ದಿನ. ಸಂಜೆ ನರಸೀಪುರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಾಲೇಜು ಹುಡುಗಿಯ ಕೈಲಿ ಗುಂಡಿ ಒತ್ತಿಸಿ ವಿಡಿಯೊವನ್ನು ಟ್ರಸ್ಟಿಗೆ ರವಾನಿಸಿದೆ. ಹುಡುಗಿ ಯಾಕೋ ನನ್ನ ಮುಖ ನೋಡಿ ನಕ್ಕಳು. ನಾನೂ ನಕ್ಕೆ. ಅದೇ ಹುಮ್ಮಸ್ಸಿನಲ್ಲಿ ತಾಲ್ಲೂಕಿನ ಶಿಕ್ಷಕರ ವಾಟ್ಸಾಪ್ ಗುಂಪಿಗೂ ಹಾಕಿಸಿದೆ: "ನಮ್ಮ ಶಾಲೆಯ ಹೆಮ್ಮೆ!"

ಮನೆಗೆ ಹೋಗಿ ಪದ್ಮಳ ಮುಂದೆ ಗತ್ತಿನಿಂದ ಮೊಬೈಲು ಹಿಡಿದೆ. ಅವಳು ನೋಡಿದಳು. ಕಣ್ಣುಜ್ಜಿಕೊಂಡಳು.

"ಇದೇನ್ರೀ, ಬರೀ ನಿಮ್ ಮೂತೀನೇ ಇದೆ!"

ಓದುವ ಕನ್ನಡಕ ಹಾಕಿಕೊಂಡು ನೋಡಿದೆ. ಎರಡು ನಿಮಿಷವೂ ನಾನೇ! ಬಸ್ಸಿನಲ್ಲಿ ಮೀಸೆ ತಿದ್ದಿಕೊಂಡ ಸೆಲ್ಫಿ ಕ್ಯಾಮೆರಾವನ್ನು ಬದಲಾಯಿಸಿರಲೇ ಇಲ್ಲ. ಕತ್ತಲಲ್ಲಿ, ಪ್ರೊಜೆಕ್ಟರಿನ ಬೆಳಕು ಬಿದ್ದ ನನ್ನ ಮುಖ. ಮೊದಲು ಗತ್ತು. ಆಮೇಲೆ ನನಗೆ ನಾನೇ ಗದರಿಕೊಂಡು ನೆಟ್ಟಗೆ ಕೂರುವುದು. ಆಮೇಲೆ ಹುಬ್ಬು ಗಂಟು. ಆಮೇಲೆ ತೆರೆದ ಬಾಯಿ, ಒಳಗೆ ಬೆಳ್ಳಿ ತುಂಬಿಸಿದ ದವಡೆ ಹಲ್ಲು ಕೂಡ ಸ್ಪಷ್ಟ! ರೇಖಾ ಮೇಡಂ ದನಿ ಮಾತ್ರ ಗಂಟೆ ಹೊಡೆದ ಹಾಗೆ ಕೇಳಿಸುತ್ತಿತ್ತು. ಅವರ ಸೀರೆಯ ಸೆರಗೂ ಕಾಣಲಿಲ್ಲ.

ಗುಂಪಿನಿಂದಾದರೂ ಅಳಿಸೋಣವೆಂದು ಗಡಿಬಿಡಿಯಲ್ಲಿ ಏನೋ ಒತ್ತಿದೆ. ನನ್ನ ಮೊಬೈಲಿನಿಂದ ಮಾತ್ರ ಅಳಿಸಿಹೋಯಿತು. ಉಳಿದವರೆಲ್ಲರ ಬಳಿ ಭದ್ರವಾಗಿತ್ತು. ಟ್ರಸ್ಟಿಗೆ ಫೋನು ಮಾಡಿದರೆ ಆಫೀಸು ಮುಚ್ಚಿತ್ತು.

ಮರುದಿನ ರೇಖಾ ಮೇಡಂ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವರು ರೇಗಲಿಲ್ಲ. "ಇರ್ಲಿ ಬಿಡಿ ಸರ್" ಎಂದು ಹೇಳಿ, ಪ್ರೊಜೆಕ್ಟರಿನ ವೈರನ್ನು ಸುರುಳಿ ಸುತ್ತಿ ಡಬ್ಬಕ್ಕೆ ಹಾಕಿದರು. ಮಧ್ಯಾಹ್ನ ಅವರ ತಮ್ಮ ಬೈಕಿನಲ್ಲಿ ಬಂದು ಅದನ್ನು ತೆಗೆದುಕೊಂಡು ಹೋದ. ಮಕ್ಕಳು ಗೇಟಿನ ತನಕ ಹೋಗಿ ಅದಕ್ಕೆ ಟಾಟಾ ಮಾಡಿ ಬಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಿಜವಾಗಿಯೂ ಅಳು ಬಂತು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ಫೋನು ಬಂತು. ಟ್ರಸ್ಟಿನ ಆಯ್ಕೆ ಸಮಿತಿಯ ಅಧ್ಯಕ್ಷೆ.

"ಹೆಡ್ ಮಾಸ್ಟರಾ? ನಿಮ್ಮ ರೇಖಾ ಅವರೇ ಆಯ್ಕೆ ಆಗಿದ್ದಾರೆ ಸರ್! ಎಲ್ಲರ ವಿಡಿಯೊದಲ್ಲೂ ಟೀಚರ್ ಇದ್ದಾರೆ, ಮಕ್ಕಳು ಕೈ ಕಟ್ಕೊಂಡು 'ಹೌದು ಮಿಸ್' ಅಂತಾರೆ. ಕಲೀತಾ ಇರೋ ಮುಖ ತೋರಿಸಿದ್ದು ನೀವೊಬ್ರೇ. ಎಂಥಾ ಐಡಿಯಾ ಸರ್ ನಿಮ್ದು! ಆಮೇಲೆ ಆ ತಾತ ಯಾರು? ಯಾವುದಾದ್ರೂ ಮಗುವಿನ ಅಜ್ಜನಾ? ಅಕ್ಷರ ಬರುತ್ತಾ ಅವರಿಗೆ?"

"ಸ್ವಲ್ಪ ಸ್ವಲ್ಪ ಬರುತ್ತೆ ಮೇಡಂ."

"ಪಾಪ! ಸನ್ಮಾನದ ದಿವಸ ಅವರನ್ನೂ ಕರ್ಕೊಂಡ್ ಬನ್ನಿ."

ನರಸೀಪುರದ ಸಭಾಭವನದಲ್ಲಿ ಸಮಾರಂಭ. ತಾಲ್ಲೂಕಿನ ಮೇಷ್ಟ್ರುಗಳೆಲ್ಲ ನೆರೆದಿದ್ದರು. ರೇಖಾ ಮೇಡಂಗೆ ಶಾಲು, ಹಾರ. ಪಕ್ಕದ ಮೇಜಿನ ಮೇಲೆ ಹೊಸ ಪ್ರೊಜೆಕ್ಟರು! ನಮ್ಮ ಮಕ್ಕಳ ಚಪ್ಪಾಳೆಗೆ ಕೊನೆಯೇ ಇಲ್ಲ. ಹಾಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡ ಪರದೆಯ ಮೇಲೆ ವಿಡಿಯೊ ಹಾಕಿದರು. ನನ್ನ ಬಾಯಿ ಬಾಗಿಲಿನಷ್ಟು ದೊಡ್ಡದಾಗಿ ತೆರೆದುಕೊಂಡಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಆ ತಾತ ಬಂದಿದ್ದಾರಾ?" ಅಧ್ಯಕ್ಷೆ ಕೇಳಿದರು. ನಾನು ಎದ್ದು ವೇದಿಕೆ ಹತ್ತಿದೆ.

"ನೀವು... ಹೆಡ್ ಮಾಸ್ಟರಲ್ವಾ?"

"ಆ ತಾತನೂ ನಾನೇ ಮೇಡಂ."

ಅವರು ನಗು ತಡೆದುಕೊಂಡು ಮೈಕು ಕೊಟ್ಟರು. "ಸರ್, ಕಪಿಲೆ ಬಂದಾಗ ನಿಮ್ಮ ಬಾಯಿ ಯಾಕೆ ಹಾಗೆ ತೆರೆದುಕೊಳ್ತು? ಅದೊಂದು ಹೇಳಿ."

ಸುಳ್ಳು ಹೇಳಬಹುದಿತ್ತು. ಆಕಳಿಕೆ ಬಂತು ಅನ್ನಬಹುದಿತ್ತು. ಆದರೆ ಹಾಗಂದರೆ ಪಕ್ಕದಲ್ಲಿ ಶಾಲು ಹೊದ್ದು ನಿಂತಿದ್ದ ರೇಖಾ ಮೇಡಂ ಪಾಠಕ್ಕೆ ಅವಮಾನ. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. "ಹತ್ತೊಂಬತ್ತು ವರ್ಷ ನಾನು ಕಪಿಲೆಯನ್ನು ಪೂರ್ವದಿಂದ ಹರಿಸಿದ್ದೆ. ಅದು ತಪ್ಪು ಅಂತ ನನಗೆ ಗೊತ್ತಾದದ್ದು ಈ ಮೇಡಂ ಪಾಠದಿಂದ."

ಸಭೆ ನಗುವುದನ್ನು ನಿಲ್ಲಿಸಿತು. ಪರವಾಗಿಲ್ಲ, ನನ್ನ ಪ್ರಾಮಾಣಿಕತೆಗೆ ಎಲ್ಲರ ಮನಸ್ಸು ಕರಗಿತು ಅಂದುಕೊಂಡೆ. ಆಗ ಮೂರನೇ ಸಾಲಿನಲ್ಲಿ ಕುಳಿತಿದ್ದ, ಮೂವತ್ತರ ಆಸುಪಾಸಿನ ಒಬ್ಬ ಮೇಷ್ಟ್ರು ಎದ್ದು ನಿಂತ. ಮುಖ ಬಿಳಿಚಿತ್ತು.

"ಸಾ, ನಾನು ನಿಮ್ಮ ಹಳೇ ಸ್ಟೂಡೆಂಟು ಸಾ, ಮಾದೇವ. ಈಗ ಬನ್ನೂರ್ ಹತ್ರ ಸಮಾಜದ ಮೇಷ್ಟ್ರು. ಏನ್ ಸಾ ನೀವು ಏಳ್ತಿರೋದು? ಆರು ವರ್ಸದಿಂದ ನಾನೂ ಕಪಿಲೇನ ಬಲಗಡೆಯಿಂದ್ಲೇ ಅರಿಸ್ತಾ ಇವ್ನಲ್ಲ ಸಾ!"

ಈಗ ಪ್ರತಿ ಶನಿವಾರ ಮಧ್ಯಾಹ್ನ ರೇಖಾ ಮೇಡಂ ಹೊಸ ಪ್ರೊಜೆಕ್ಟರು ಹಚ್ಚಿ ನಮ್ಮಿಬ್ಬರಿಗೂ ಭೂಗೋಳ ಹೇಳಿಕೊಡುತ್ತಾರೆ. ಮಾದೇವ ಬೇಗ ಕಲಿಯುತ್ತಾನೆ. ನನ್ನ ಬಗ್ಗೆ ಮೇಡಂ ಇನ್ನೂ ಏನೂ ಹೇಳಿಲ್ಲ.