ಸರಪಳಿ ಸಾಹೇಬರ ಕೇಂದ್ರಬಿಂದು ಮತ್ತು ಕಾಣೆಯಾದ ಬೇಸ್

೨೦೧೯ನೆಯ ಇಸವಿ ಅಕ್ಟೋಬರ್ ೫, ಶನಿವಾರದಂದು ಸರಪಳಿ ಸಾಹೇಬರ ನಡುಕೋಣೆಗೆ ಎರಡು ಟವರ್ ಸ್ಪೀಕರುಗಳು ಚಿತ್ತೈಸಿದವು. (ಎದೆಮಟ್ಟ ಎತ್ತರವಿದ್ದು, ಮೇಜು ಕಪಾಟುಗಳ ಹಂಗಿಲ್ಲದೆ ನೆಲದ ಮೇಲೆ ಸ್ವಂತ ಪಾದಗಳಲ್ಲಿ ನಿಲ್ಲುವ ಆ ಜೋಡಿಯನ್ನು 'ತಂದರು' ಎನ್ನುವುದು ಮರ್ಯಾದೆಯಾಗದು.) ಆದರೆ ತಿಂಗಳು ತುಂಬುವುದರೊಳಗೆ ಸಾಹೇಬರಿಗೆ ಒಂದು ಘೋರ ಸತ್ಯ ಗೋಚರಿಸಿತು. ಕೊಳಲಿದೆ, ತಂತಿಯಿದೆ, ಗಾಯಕರ ಕೆಮ್ಮೂ ಇದೆ; ಎದೆಗೆ ತಾಕಬೇಕಾದ ಮಂದ್ರದ ಗುಡುಗು, ಅಂದರೆ ಬೇಸ್ ಮಾತ್ರ ಇಲ್ಲ.

ಇದನ್ನು ಅವರು ಹೆಂಡತಿಯ ಹೊರತು ಯಾರೆದುರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಾರಣ, ಅವರ ಹೆಂಡತಿಯ ತಮ್ಮ. ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಆ ಮಹಾಶಯ ಕೊಳ್ಳುವ ದಿನವೇ ಎಚ್ಚರಿಸಿದ್ದ.

"ಭಾವ, ಇದ್ರ ಜೊತೆಗೊಂದು ಸಬ್‌ವೂಫರ್ ತಗೊಂಡ್ಬಿಡಿ. ಬೇಸಿಗೆ ಅಂತಾನೇ ಬೇರೆ ಪೆಟ್ಟಿಗೆ ಇರುತ್ತೆ."

"ಸ್ವಂತ ಕಾಲ ಮೇಲೆ ನಿಂತಿರೋ ಸ್ಪೀಕರಿಗೆ ಊರುಗೋಲು ಯಾಕಯ್ಯ?" ಎಂದಿದ್ದರು ಸಾಹೇಬರು. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಈಗ ಆ ನಗೆಯನ್ನು ವಾಪಸು ಕೊಡುವುದು ಹೇಗೆ?

ಸಾಹೇಬರು ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲಗದ್ದೆಗಳನ್ನು ಅಳೆದು ನಿವೃತ್ತರಾದವರು. ಬೀದಿಯವರು ಇಟ್ಟ ಹೆಸರು ಅಲ್ಲಿಂದಲೇ ಬಂದದ್ದು. ಸ್ಪೀಕರುಗಳ ಮುಂದೆ ತಮ್ಮ ಕುರ್ಚಿಯನ್ನು ಅವರು ಕಣ್ಣಂದಾಜಿನಲ್ಲಿ ಹಾಕಿರಲಿಲ್ಲ. ಕೋಣೆಯ ಮೂಲೆಯಿಂದ ಮೂಲೆಗೆ ಎರಡು ದಾರ ಎಳೆದು, ದಾರಗಳು ಕೂಡಿದಲ್ಲಿ ಸೀಮೆಸುಣ್ಣದ ಚುಕ್ಕೆಯಿಟ್ಟು, ಚುಕ್ಕೆಯ ಸುತ್ತ ನಾಲ್ಕು ಕಾಲೂ ಸಮದೂರ ಬರುವಂತೆ ಪ್ರತಿಷ್ಠಾಪಿಸಿದ್ದರು.

"ಆ ಕುರ್ಚಿ ಒಂಚೂರು ಸರಿಸ್ರೀ, ಗುಡಿಸೋಕೆ ಅಡ್ಡ" ಎಂದರೆ ಹೆಂಡತಿಗೆ ಸಿಗುತ್ತಿದ್ದ ಉತ್ತರ ಒಂದೇ: "ಇದು ಕೋಣೆಯ ಕೇಂದ್ರಬಿಂದು. ಕೇಂದ್ರಬಿಂದು ಸರಿಯೋದಿಲ್ಲ."

ಆಕೆ ಅದೇ ಕೋಣೆಯ ಕಿಟಕಿ ಮೂಲೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಶಾಲೆಯ ಸಮವಸ್ತ್ರಗಳನ್ನು ಹೊಲಿಯುತ್ತಿದ್ದರು. ಸಾಹೇಬರ ನಿವೃತ್ತಿಯ ತರುವಾಯ ಆ ಮನೆಯಲ್ಲಿ ಕೆಲಸವೆಂಬ ಹೆಸರಿಗೆ ಅರ್ಹವಾದದ್ದು ನಡೆಯುತ್ತಿದ್ದುದು ಆ ಒಂದು ಮೂಲೆಯಲ್ಲಿ ಮಾತ್ರ. ಗಂಡನ ಕೊರಗು ಕೇಳಿ ಆಕೆಗೆ ಸೋಜಿಗ.

"ಬೇಸ್ ಇಲ್ಲ ಅಂತೀರಲ್ಲ, ಇಲ್ಲಿ ನನ್ನ ಕಾಲೆಲ್ಲ ಜುಮ್ ಅನ್ನುತ್ತೆ. ಗುಂಡಿ ಡಬ್ಬ ಕುಣೀತಾ ಇದೆ."

"ಅದು ನಿನ್ನ ಮಿಷನ್ ಅದುರೋದು."

"ಮಿಷನ್ ನಿಲ್ಲಿಸಿದ್ದೆ ಕಣ್ರೀ."

"ಹಾಗಾದರೆ ಅದು ಅಭ್ಯಾಸಬಲ. ನಾನೂ ಸರ್ವೆಯಿಂದ ಬಂದ ರಾತ್ರಿ ಮಲಗಿದಲ್ಲೇ ನಡೀತಿದ್ದೆ."

ಕೊನೆಗೆ ಅಭಿಮಾನ ಸೋತು ಕಿವಿ ಗೆದ್ದಿತು. ನವೆಂಬರ್ ೧೭, ಭಾನುವಾರ ಬೆಳಗ್ಗೆ ಬಾಮೈದ ಕರಿಯ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಏದುಸಿರು ಬಿಡುತ್ತ ಬಂದ. ಊರುಗೋಲಿನ ಮಾತೆತ್ತಲಿಲ್ಲ. (ಎತ್ತಿದ್ದರೆ ಎಷ್ಟೋ ಚೆನ್ನಾಗಿತ್ತು, ಅವನ ಮುಗುಳ್ನಗೆ ಅದಕ್ಕಿಂತ ಉದ್ದವಾಗಿತ್ತು.) ಸಾಹೇಬರು ಅಳತೆಪಟ್ಟಿ ಹೊರತೆಗೆದರು.

"ಟೇಪು ಒಳಗಿಡಿ ಭಾವ. ನಮ್ಮ ಕಸುಬಲ್ಲಿ ಇದಕ್ಕೊಂದು ಪದ್ಧತಿ ಇದೆ. ಮೊದಲು ಪೆಟ್ಟಿಗೆ ನಿಮ್ಮ ಕುರ್ಚಿ ಮೇಲೆ ಕೂರುತ್ತೆ. ನೀವು ಅಂಬೆಗಾಲಲ್ಲಿ ಕೋಣೆಯೆಲ್ಲ ಸುತ್ತಬೇಕು. ಎಲ್ಲಿ ಬೇಸ್ ಚೆನ್ನಾಗಿ ಕೇಳುತ್ತೋ ಅಲ್ಲಿ ಪೆಟ್ಟಿಗೆ ಇಟ್ರೆ, ಕುರ್ಚೀಲಿ ಕೂತೋರಿಗೂ ಅಷ್ಟೇ ಚೆನ್ನಾಗಿ ಕೇಳುತ್ತೆ."

"ನೀನೇ ಸುತ್ತು."

"ನನ್ನ ಕಿವಿಗೆ ಹೊಂದಿಸಿದ್ರೆ ದಿನಾ ಬಂದು ನಾನೇ ಕೂರಬೇಕಾಗುತ್ತೆ. ಪರವಾಗಿಲ್ವಾ?"

ಸಾಹೇಬರು ಪಂಚೆ ಎತ್ತಿ ಕಟ್ಟಿದರು. ಪೆಟ್ಟಿಗೆ ಮೇಲಧಿಕಾರಿಯ ಗತ್ತಿನಲ್ಲಿ ಕುರ್ಚಿಯನ್ನು ಅಲಂಕರಿಸಿ ಗುಡುಗತೊಡಗಿತು. ಕೆಳಗೆ ನಿವೃತ್ತ ಅಧಿಕಾರಿಗಳ ಸ್ಥಳ ತನಿಖೆ ಆರಂಭವಾಯಿತು. ಕಪಾಟಿನ ಬುಡದಲ್ಲಿ ಕಿವಿಯಿಟ್ಟು ತಲೆಯಾಡಿಸಿದರು. ಮೇಜಿನಡಿ ತೂರಿ ತಲೆ ಚಚ್ಚಿಕೊಂಡರು. ಬಾಗಿಲ ಬಳಿಗೆ ತಲುಪುವ ಹೊತ್ತಿಗೆ ಸರಿಯಾಗಿ ಅದು ತೆರೆಯಿತು. ಸಮವಸ್ತ್ರದ ವಿಚಾರಣೆಗೆಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದಿದ್ದರು. ಸಾಹೇಬರು ನಾಲ್ಕು ಕಾಲಿನಲ್ಲೇ ನಮಸ್ಕರಿಸಲು ಹೋಗಿ ಮೂಗೂರಿದರು.

"ಏನಾದ್ರೂ ಕಳೆದುಹೋಯ್ತಾ?" ಎಂದು ಆಕೆ ಹಿಂದೆ ಸರಿದರು.

"ಸದ್ದು ಹುಡುಕ್ತಿದಾರೆ ಮೇಡಂ" ಎಂದರು ಹೆಂಡತಿ, ಯಂತ್ರದಿಂದ ತಲೆಯೆತ್ತದೆ. "ಆ ಕಡೆಯಿಂದ ಬನ್ನಿ. ಜೋಪಾನ, ಕೈ ತುಳಿದುಬಿಟ್ಟೀರಿ."

ಮೇಡಂ ನಾಳೆ ಬರುವುದಾಗಿ ಹೇಳಿ ಹೊರಟರು.

ತನಿಖೆ ಕಟ್ಟಕಡೆಗೆ ಹೊಲಿಗೆ ಯಂತ್ರದ ಅಡಿಗೆ ಬಂತು. ಅಲ್ಲಿ ಗೋಡೆಗೆ ಗೋಡೆ ಸೇರುವ ಸಂದಿಯಲ್ಲಿ ಸಾಹೇಬರ ಎದೆಗೂಡೇ ಮೊಳಗಿತು. ತಲೆಗೆ ಅಂಟಿದ ನೂಲಿನ ಸಮೇತ ಹೊರಬಂದು ಘೋಷಿಸಿದರು: "ಇಲ್ಲೇ. ಸಂಶಯವೇ ಇಲ್ಲ."

"ಸರಿ, ಹಾಗಾದ್ರೆ ಅಕ್ಕನ ಮಿಷನ್ ಎತ್ತಿ ಹಿತ್ತಲ ಕೋಣೇಲಿ ಇಟ್ರಾಯ್ತು."

ಕತ್ತರಿ ಮೇಜಿನ ಮೇಲೆ ಕೂತ ಸದ್ದಿಗೆ ಯಾವ ಪೆಟ್ಟಿಗೆಯ ಸಹಾಯವೂ ಬೇಕಿರಲಿಲ್ಲ.

"ಮಿಷನ್ ಎತ್ತಿಡ್ತೀಯ. ಕಿಟಕಿ ಬೆಳಕನ್ನೂ ಎತ್ಕೊಂಡು ಹೋಗಿ ಅಲ್ಲಿಡ್ತೀಯೇನೋ? ಕತ್ತಲಲ್ಲಿ ಹೊಲಿದು, ಮಕ್ಕಳ ಅಂಗೀಲಿ ಮೂರು ತೋಳು ಬಂದ್ರೆ ನೀನು ಹಾಕ್ಕೊಂಡು ಓಡಾಡ್ತೀಯ?" ಆಕೆ ಗಂಡನ ಕಡೆ ತಿರುಗಿದರು. "ನೀವೇನಂತೀರಿ?"

ಸಾಹೇಬರು ಕಿಟಕಿ ನೋಡಿದರು, ಅರ್ಧ ಹೊಲಿದ ಅಂಗಿಗಳ ರಾಶಿ ನೋಡಿದರು. ಬೇಸ್ ಎಷ್ಟೇ ಪ್ರಿಯವಾದರೂ ಆ ಪ್ರಶ್ನೆಗೆ ಹೌದೆನ್ನುವಷ್ಟು ಧೈರ್ಯವಾಗಲಿ, ಮನಸ್ಸಾಗಲಿ ಅವರಿಗೆ ಇರಲಿಲ್ಲ. "ಮಿಷನ್ ಅಲ್ಲೇ ಇರಲಿ" ಎಂದರು, ಸಣ್ಣ ದನಿಯಲ್ಲಿ. "ನನಗೇನು, ಕೊಳಲು ಕೇಳುತ್ತಲ್ಲ."

ಹೆಂಡತಿಯ ಮುಖ ಸಡಿಲವಾಯಿತು. "ಬನ್ನಿ ಇಲ್ಲಿ. ನನ್ನ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಏ ತಮ್ಮ, ಆ ಪೆಟ್ಟಿಗೆ ವೈರ್ ಕಿತ್ತು, ಬರೀ ಆ ಎರಡು ಸ್ಪೀಕರ್ ಕಂಬ ಹಾಡಿಸು."

ಕಂಬಗಳು ಹಾಡಿದವು. ಸಾಹೇಬರ ಅಂಗಾಲಿನಿಂದ ಮಂದ್ರ ಮೇಲೇರಿ, ಮೊಣಕಾಲು ದಾಟಿ, ಎದೆಯಲ್ಲಿ ತುಂಬಿಕೊಂಡಿತು. ಪಕ್ಕದಲ್ಲಿ ಗುಂಡಿಯ ಡಬ್ಬ ಸಣ್ಣಗೆ ಕುಣಿಯುತ್ತಿತ್ತು. ಇಷ್ಟು ದಿನ ಹೆಂಡತಿ ಹೇಳಿದ್ದು ಅಕ್ಷರಶಃ ನಿಜ.

ಬಾಮೈದ ತಲೆ ಕೆರೆದುಕೊಂಡ. "ನಾನೂ ನೋಡಲಿಲ್ಲ ನೋಡಿ. ಬೇಸ್ ಮೂಲೇಲಿ ಕೂಡಿಕೊಳ್ಳುತ್ತೆ, ಕೋಣೆ ನಡುಮಧ್ಯೆ ಸತ್ತುಹೋಗುತ್ತೆ. ನೀವು ಅಳೆದೂ ಅಳೆದೂ ಅದು ಇಲ್ಲದಿರೋ ಜಾಗದಲ್ಲೇ ಕುರ್ಚಿ ಹಾಕಿದೀರ."

"ಅಂದರೆ ಸಬ್‌ವೂಫರ್ ಬೇಕಾಗಿಲ್ಲ" ಎಂದರು ಸಾಹೇಬರು, ನೂಲು ಅಂಟಿದ ತಲೆಯನ್ನು ಗಾಂಭೀರ್ಯದಿಂದ ಎತ್ತಿ. "ನಾನು ಹೇಳಿದ್ದೇ ಸರಿ."

"ಹೇಳಿದ್ದು ಸರಿ ಭಾವ. ಕೂತಿದ್ದು ತಪ್ಪು."

ಪೆಟ್ಟಿಗೆ ಬಂದ ದಾರಿಯಲ್ಲೇ ಹಿಂತಿರುಗಿತು. ಕುರ್ಚಿಯನ್ನು ಮೂಲೆಗೆ ತರುವ ಯತ್ನವೂ ಆಯಿತು. ಯಂತ್ರದ ಪಕ್ಕ ಅದು ಹಿಡಿಯಲಿಲ್ಲ. ಉಳಿದ ಮೂಲೆಗಳಲ್ಲಿ ಎರಡನ್ನು ಕಂಬಗಳೂ ಒಂದನ್ನು ಬಾಗಿಲೂ ಆಕ್ರಮಿಸಿದ್ದವು. ಹಿಡಿಯುತ್ತಿದ್ದುದು ಸ್ಟೂಲು ಒಂದೇ, ಮತ್ತು ಸ್ಟೂಲಿಗೆ ಒಡತಿ ಇದ್ದರು.

"ಸಂಜೆ ಹೊತ್ತು ಧಾರಾಳವಾಗಿ ಕೂತ್ಕೊಳ್ಳಿ" ಎಂದು ಆಕೆ ಉದಾರವಾಗಿ ಅಪ್ಪಣೆ ಕೊಟ್ಟರು. "ಆದ್ರೆ ಅಲ್ಲಿ ಕೈಕಟ್ಟಿ ಕೂರೋ ಹಾಗಿಲ್ಲ. ತಗೊಳ್ಳಿ ಸೂಜಿ. ಒಂದು ಅಂಗಿಗೆ ಆರು ಗುಂಡಿ."

ಅಂದಿನಿಂದ ಸಂಜೆಗಳು ಹೀಗೆ ಸಾಗಿದವು: ಸಾಹೇಬರು ಮೂಲೆಯಲ್ಲಿ ಕೂತು, ಮಂದ್ರದ ಮಹಾಸಾಗರದಲ್ಲಿ ಮುಳುಗಿ ಗುಂಡಿ ಹಾಕುತ್ತಾರೆ, ಹೆಂಡತಿ ಕೋಣೆಯ ಕೇಂದ್ರಬಿಂದುವಿನಲ್ಲಿ ಕಾಲು ನೀಡಿ, ಕಣ್ಣು ಮುಚ್ಚಿ ಒರಗಿರುತ್ತಾರೆ. ಇಡೀ ಮನೆಯಲ್ಲಿ ಇಷ್ಟು ನೆಮ್ಮದಿಯ ಜಾಗ ಇನ್ನೊಂದಿಲ್ಲ, ಗುಡುಗು ಇತ್ತ ಸುಳಿಯುವುದೇ ಇಲ್ಲವೆಂದು ಆಕೆಯ ಅಂಬೋಣ. ಹಾಡು ಮುಗಿದು ಮೌನವಾದರೆ ಮಾತ್ರ ಆಕೆಗೆ ಎಚ್ಚರವಾಗುತ್ತದೆ.

"ಯಾಕ್ರೀ, ಮುಗೀತಾ? ಇನ್ನೊಂದು ಹಾಕಿ. ಇನ್ನೂ ಎಂಟು ಅಂಗಿ ಇದೆ."

ಸಾಹೇಬರು ಮೊಣಕಾಲು ಹಿಡಿದು ಎದ್ದು ಇನ್ನೊಂದು ಹಾಕುತ್ತಾರೆ. ಹಾಡಿನ ಜೊತೆ ಸೂಜಿಗೂ ಬೇಗ ಬಿಡುವು ಸಿಕ್ಕೀತೆಂದು ತಮ್ಮ ಸಂಗ್ರಹದಲ್ಲೆಲ್ಲ ಹುಡುಕಿ, ಅತ್ಯಂತ ಚಿಕ್ಕದನ್ನು.